ಕಟ್ಟಿಯ ಮಾತು

ನಮ್ಮೂರ ಅಗಸಿಯ ಬಲಕ್ಕೆ ಒಂದು ಕಟ್ಟಿ ಇದೆ. ಬೇವಿನ ಗಿಡದ ಬುಡಕ್ಕೆ ಸುತ್ತ ಕಲ್ಲು ಕಟ್ಟಿ, ಮೇಲೆ ಬಂಡೆ ಹಾಸಿದ್ದಾರೆ. ಆ ಬಂಡೆಗಳನ್ನು ಹೊತ್ತು ತಂದವರಲ್ಲಿ ನನ್ನಜ್ಜನೂ ಒಬ್ಬ. ಹೊತ್ತು ತಂದ ಅಜ್ಜ ಅದರ ಮೇಲೆ ಒಂದು ದಿನವೂ ಕೂರಲಿಲ್ಲ. ಅಪ್ಪ ಕೂರಲಿಲ್ಲ. ನಾನು ಕೂತದ್ದು ಮಾಸ್ತರನಾಗಿ ಸಂಬಳ ತಗೊಂಡ ಮೇಲೆ, ಅದೂ ತುದಿಗೆ.

ಹುನಗುಂದದ ಸೀಮೆ ನಮ್ಮದು, ಇಳಕಲ್ಲಿನ ಸಂತೆಗೆ ನಡೆದು ಹೋಗುವಷ್ಟು ದೂರ. ನಾನು ಹುಟ್ಟಿದಾಗ ಬಿಜಾಪುರ ಜಿಲ್ಲೆ, 1997ರಿಂದ ಬಾಗಲಕೋಟೆ ಜಿಲ್ಲೆ. ಊರ ಹೆಸರು ಬರೆಯುವುದಿಲ್ಲ. ಬರೆದರೆ ಇದು ಆ ಒಂದು ಊರಿನ ಕತೆ ಎಂದುಕೊಂಡು ಉಳಿದ ಊರಿನವರು ನಿರಾಳವಾಗಿ ನಿದ್ದೆ ಮಾಡುತ್ತಾರೆ.

ಈ ಕಟ್ಟಿಯ ಮೇಲೆ ದಿನಾ ನಡೆಯುವ ಮಾತು ನಾಲ್ಕೇ. ಮಳಿ, ರಾಜಕೀಯ, ಬಸ್ಸು, ಆಟ. ಅರವತ್ತು ವರ್ಷದಿಂದ ಕೇಳುತ್ತ ಬಂದಿದ್ದೇನೆ. ಮೊದಲು ಕೆಳಗೆ ನಿಂತು ಕೇಳಿದೆ, ಈಗ ತುದಿಗೆ ಕೂತು ಕೇಳುತ್ತಿದ್ದೇನೆ. ಈ ನಾಲ್ಕೂ ಮಾತಿನಲ್ಲಿ ನಾವು ಎಲ್ಲಿದ್ದೆವು ಎಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಮೊನ್ನೆ ಒಂದು ಮಾತು ನಡೆಯಿತು, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ಮಳೆ. ನಮ್ಮದು ಮಳೆ ಕಡಿಮೆ ಬೀಳುವ ನಾಡು. ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲ ಕೂಡಿಸಿ ನೋಡಿದರೂ ವರ್ಷದ ಸರಾಸರಿ 600 ಮಿಲಿಮೀಟರಿಗಿಂತ ಕಡಿಮೆಯೇ. ಹಾಗಾಗಿ ಮೋಡದ ಮಾತು ಇಲ್ಲಿ ಹೊತ್ತು ಕಳೆಯುವ ಮಾತಲ್ಲ, ಹೊಟ್ಟೆಯ ಮಾತು. ಮಿರಗ ಕೈಕೊಟ್ಟಿತು, ಆರಿದ್ರ ಗಾಳಿಗೇ ಹೋಯಿತು, ಉತ್ತರಿ ಹೊಯ್ದರೆ ಎರಿಹೊಲಕ್ಕೆ ಬಿಳಿಜೋಳ ಬಿತ್ತಬಹುದು, ಹಸ್ತಿ ಹಿಡಿದರೆ ಕಡಲಿ ಬದುಕೀತು. ಹೀಗೆ ಕಟ್ಟಿಯ ಮೇಲೆ ಲೆಕ್ಕ ನಡೆಯುತ್ತಿತ್ತು. ನಮ್ಮಪ್ಪ ಕೆಳಗೆ ಕಂಬಳಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿರುತ್ತಿದ್ದ. ಯಾರಾದರೂ ತಮಾಷೆಗೆ ಕೇಳುತ್ತಿದ್ದರು.

‘ಏನಲೇ, ಮಳಿ ಹೆಂಗ ಈ ಸಲ?’

‘ನೀವು ಹೇಳಿದಂಗ್ರಿ ಯಪ್ಪಾ.’

ಅಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ಹೊಲದ ಮಣ್ಣು ಹಿಡಿಯಲ್ಲಿ ಹಿಂಡಿ, ಎಷ್ಟು ಗೇಣು ಹಸಿ ಇಳಿದಿದೆ, ಎಷ್ಟು ದಿನ ತಡೆಯುತ್ತದೆ ಎಂದು ಹೇಳುವವನು ಊರಲ್ಲಿ ಅವನೊಬ್ಬನೇ. ಹುನಗುಂದ ಸೀಮೆಯ ಎರಿಹೊಲದ ಒಡ್ಡುಗಳು ಹೆಸರುವಾಸಿ. ಬಿದ್ದ ನೀರನ್ನು ಹೊಲದಲ್ಲೇ ನಿಲ್ಲಿಸುವ ಆ ಒಡ್ಡುಗಳ ಮಣ್ಣು ಹೊತ್ತವರ ಕೂಲಿಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಅಪ್ಪ ಹಾಕಿದ ಒಡ್ಡುಗಳು ಇವತ್ತೂ ಇವೆ. ಅವನ ಹೆಸರಿಗೆ ಒಂದು ಗುಂಟೆ ಹೊಲ ಇರಲಿಲ್ಲ. ಮಳೆ ಬಂದರೆ ಗೌಡರಿಗೆ ಬೆಳೆ, ನಮಗೆ ಕೂಲಿ. ಮಳೆ ಬರದಿದ್ದರೆ ಗೌಡರಿಗೆ ಚಿಂತೆ, ನಮಗೆ ಉಪವಾಸ. ಒಂದೇ ಮೋಡದ ಕೆಳಗೆ ಎರಡು ಊರು ಇದ್ದವು.

ನಮ್ಮ ಕೇರಿಯಲ್ಲಿ ಮಳೆಯ ಮಾತೇ ಬೇರೆ. ‘ಯವ್ವಾ, ಮೂಲ್ಯಾಗ ಗಡಿಗಿ ಇಡು, ಮಾಳಿಗಿ ಸೋರಾಕತ್ತೈತಿ’ ಎಂಬುದೇ ನಮ್ಮ ಹವಾಮಾನ ವರದಿ. ಜಿಟಿಜಿಟಿ ಮಳೆ ಮೂರು ದಿನ ಹಿಡಿದರೆ ಕಟ್ಟಿಯವರು ‘ಹದ ಆತು’ ಅನ್ನುತ್ತಿದ್ದರು. ನಮ್ಮವ್ವ ಹಿಂದಿನ ಗೋಡೆಗೆ ಕೈಯಿಟ್ಟು ನೋಡಿ, ‘ಇವತ್ತ ರಾತ್ರಿ ಈ ಕಡಿ ಮಲಗಬ್ಯಾಡ್ರಿ’ ಅನ್ನುತ್ತಿದ್ದಳು.

1972ರ ಬರದಲ್ಲಿ ನನಗೆ ಹನ್ನೊಂದು ವರ್ಷ. ಊರ ಬಾವಿಯ ತಳ ಕಂಡಿತು. ನಮಗೆ ಆ ಬಾವಿಯ ನೀರನ್ನು ಯಾರಾದರೂ ಎತ್ತಿ ಹಾಕಬೇಕಿತ್ತು. ಎತ್ತುವವರಿಗೇ ನೀರಿಲ್ಲದಾಗ ಹಾಕುವವರು ಯಾರು? ಅವ್ವ ಹಳ್ಳದ ಉಸುಕಿನಲ್ಲಿ ವರತೆ ತೋಡಿ, ಪರಟಿಯಿಂದ ತುಂಬಿ ತುಂಬಿ ಒಂದು ಕೊಡ ಮಾಡುವಷ್ಟರಲ್ಲಿ ಹೊತ್ತು ನೆತ್ತಿಗೇರುತ್ತಿತ್ತು. ಆಮೇಲೆ ಬರಗಾಲದ ಕಾಮಗಾರಿ ಬಂತು. ಅಪ್ಪ, ಅವ್ವ, ಅಕ್ಕ ಎಲ್ಲರೂ ರಸ್ತೆಗೆ ಕಲ್ಲು ಒಡೆದರು. ನಾನೂ ಒಡೆದೆ. ಆ ರಸ್ತೆಯ ಮೇಲೆಯೇ ಮುಂದೆ ಎರಡು ವರ್ಷಕ್ಕೆ ನಮ್ಮೂರಿಗೆ ಮೊದಲ ಬಸ್ಸು ಬಂತು.

ಬರ ಒಂದು ಕಡೆಯಾದರೆ ನೀರು ಇನ್ನೊಂದು ಕಡೆ. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ನಾರಾಯಣಪುರದ ನೀರು ಹಿಂದಕ್ಕೆ ಸರಿದು ಕೂಡಲಸಂಗಮದ ಮಗ್ಗುಲಿಗೆ ಬಂತು. ಬಸವಣ್ಣನ ಐಕ್ಯಮಂಟಪಕ್ಕೆ ಸುತ್ತ ಗೋಡೆ ಎಬ್ಬಿಸಿ ನೀರಿನ ನಡುವೆ ಬಾವಿಯಂತೆ ಉಳಿಸಿಕೊಂಡರು. ಅದು ಸರಿಯೇ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆ ಮುಳುಗಿತು, ಸೆಕ್ಟರ್ ಲೆಕ್ಕದ ನವನಗರ ಎದ್ದಿತು. ಮನೆ ಇದ್ದವರಿಗೆ ಪರಿಹಾರ, ಹೊಲ ಇದ್ದವರಿಗೆ ಪರಿಹಾರ. ಮಂದಿಯ ಹೊಲದಲ್ಲಿ ಕೂಲಿ ಮಾಡಿ ಬದುಕಿದವರು ಕಳೆದುಕೊಂಡದ್ದಕ್ಕೆ ಉತಾರವೇ ಇರಲಿಲ್ಲ, ಏನು ತೋರಿಸಬೇಕು? 2009ರ ನೆರೆಯ ಮೇಲೆ ‘ಆಸರೆ’ ಮನೆಗಳು ಎದ್ದವು. ನಾನು ಆಗ ಕೆಲಸ ಮಾಡುತ್ತಿದ್ದ ಊರಿನಲ್ಲಿ ಹೊಸ ಜಾಗಕ್ಕೆ ಗೆರೆ ಹೊಡೆದಾಗ ಹಳೆಯ ಕೇರಿ ಹೊಸ ತುದಿಗೆ ಹೋಯಿತು. ಊರು ಮುಳುಗಿತ್ತು, ಅದರ ನಕಾಶೆ ಮುಳುಗಲಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೆ ನೀರು ನುಗ್ಗಿದ ಸುದ್ದಿ ಎಲ್ಲ ಕಡೆ ಬಂತು. ಕಟ್ಟಿಯ ಮೇಲೂ ಗುಡಿಯದೇ ಮಾತು. ಹೊಳೆದಂಡೆಯ ಕೇರಿಗಳವರು ಅಷ್ಟು ದಿನ ಶಾಲೆಗಳಲ್ಲಿ ಮಲಗಿದ್ದರು.

ಎರಡನೆಯದು ರಾಜಕೀಯ. ಈ ಮಾತಿನಲ್ಲಿ ನಮ್ಮ ಸೀಮೆಯವರನ್ನು ಮೀರಿಸುವವರಿಲ್ಲ. ಯಾಕೆಂದರೆ ದೊಡ್ಡದೊಡ್ಡವರು ಬಂದು ನಿಂತ ಸೀಮೆ ಇದು. 1962ರಲ್ಲಿ ಹುನಗುಂದದ ಎಸ್. ಆರ್. ಕಂಠಿಯವರು ಮೂರು ತಿಂಗಳು ಮುಖ್ಯಮಂತ್ರಿಯಾದರು. ಸೋತಿದ್ದ ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಉಪಚುನಾವಣೆಯಲ್ಲಿ ಆರಿಸಿ ಬಂದ ಮೇಲೆ ಕುರ್ಚಿ ಬಿಟ್ಟುಕೊಟ್ಟರು. 1980ರಲ್ಲಿ ವೀರೇಂದ್ರ ಪಾಟೀಲರು ಬಾಗಲಕೋಟೆಯಿಂದ ಲೋಕಸಭೆಗೆ ಹೋದರು. 1991ರಲ್ಲಿ ರಾಮಕೃಷ್ಣ ಹೆಗಡೆಯವರು ಬಂದು ನಿಂತು ಸಿದ್ದು ನ್ಯಾಮಗೌಡರ ಎದುರು ಸೋತರು. 2018ರಲ್ಲಿ ಸಿದ್ದರಾಮಯ್ಯನವರು ಬಾದಾಮಿಯಿಂದ ನಿಂತು 1,696 ಮತಗಳಿಂದ ಗೆದ್ದರು. ಈ ಅಂಕಿಗಳನ್ನು ಕಟ್ಟಿಯ ಮೇಲೆ ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಯಾರ ಕಡೆ ಎಷ್ಟು ಮಂದಿ ಗಾಣಿಗರು, ಎಷ್ಟು ಕುರುಬರು, ಎಷ್ಟು ನೇಕಾರರು ಎಂದು ಜಾತಿವಾರು ಲೆಕ್ಕ ಹಾಕುತ್ತಾರೆ. ನಮ್ಮದನ್ನು ಮಾತ್ರ ಕಡೆಗೆ ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ‘ಕೇರಿ ಓಟು ಬಿಡ್ರಿ, ಅದು ಹಿಂದಿನ ದಿನ ರಾತ್ರಿ ಬರತೈತಿ.’

ಹಿಂದಿನ ದಿನ ರಾತ್ರಿ ಬರುತ್ತಿದ್ದದ್ದು ನಮ್ಮ ಓಟಲ್ಲ, ಅವರು. ವರ್ಷವಿಡೀ ಕೇರಿಯ ಬೀದಿಗೆ ಕಾಲಿಡದವರು ಆ ರಾತ್ರಿ ಕಂದೀಲು ಹಿಡಿದು ಬರುತ್ತಿದ್ದರು. ಒಂದು ಸಲ ಊರ ದೊಡ್ಡ ಮನುಷ್ಯರೊಬ್ಬರು ನಮ್ಮಪ್ಪನ ಹೆಗಲ ಮೇಲೆ ಕೈ ಹಾಕಿ ಮಾತಾಡಿದರು. ಅವರು ಹೋದ ಮೇಲೆ ಅಪ್ಪ ಬಹಳ ಹೊತ್ತು ಹೆಗಲು ನೋಡಿಕೊಳ್ಳುತ್ತ ಕೂತ. ‘ಮುಟ್ಟಿದ ನೋಡ’ ಅಂದ. ಅವ್ವ ಒಲೆಯ ಮುಂದಿನಿಂದ, ‘ನಾಳೆ ಸಂಜಿಗೆ ಮುಟ್ಟತಾನೇನು ಕೇಳು’ ಅಂದಳು.

1987ರಲ್ಲಿ ಮಂಡಲ ಪಂಚಾಯತಿಗೆ ಚುನಾವಣೆ ಆದಾಗ ಹೆಂಗಸರಿಗೆ ನೂರಕ್ಕೆ 25ರಷ್ಟು ಜಾಗ ಮೀಸಲು ಇತ್ತು. ನಮ್ಮ ದೊಡ್ಡವ್ವ ಗೆದ್ದಳು. ಮೊದಲ ಸಭೆಗೆ ಒಗೆದ ಇಳಕಲ್ಲ ಸೀರೆ ಉಟ್ಟು ಹೋದಳು, ಟೋಪಸೆರಗಿನದು, ಮಗಳ ಮದುವೆಗೆ ತಂದದ್ದು. ಸಭೆ ಮುಗಿಯುವ ತನಕ ಗೋಡೆಗೆ ನಿಂತೇ ಇದ್ದು ಬಂದಳು. ‘ಕುಂದ್ರು ಅನ್ನಲಿಲ್ಲೇನವಾ?’ ಎಂದರೆ, ‘ಅಂದ್ರು. ಕುರ್ಚಿ ಎಣಿಸಿ ಹಾಕಿದ್ರು, ಒಂದು ಕಡಿಮಿ ಇತ್ತು’ ಅಂದಳು. ಎರಡನೆಯ ಸಭೆಗೆ ತಾನೇ ಮನೆಯಿಂದ ಚಾಪೆ ಒಯ್ದಳು. ಮೂರನೆಯ ಸಭೆಗೆ ಕುರ್ಚಿ ಇತ್ತು. ಈ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಮೀಸಲು ಇರುವುದು ಮುಧೋಳ ಒಂದೇ. ಉಳಿದ ಆರರಲ್ಲಿ ನಾವು ಓಟು ಹಾಕುವವರು.

ಮೂರನೆಯದು ಬಸ್ಸು. ಬಾಗಲಕೋಟೆಗೂ ಬಾದಾಮಿಗೂ ಬ್ರಿಟಿಷರ ಕಾಲದಿಂದ ರೈಲು ಇದೆ. ಹುನಗುಂದ, ಇಳಕಲ್ಲಿಗೆ ಇಲ್ಲ. ನಮಗೆ ಬಸ್ಸೇ ಗತಿ. ಅದಕ್ಕೇ ಕಟ್ಟಿಯ ಮೇಲೆ ಬಸ್ಸಿನ ಮಾತು ಮುಗಿಯುವುದಿಲ್ಲ. ಬಂತೋ ಇಲ್ಲೋ, ಅಮೀನಗಡದಲ್ಲಿ ಎಷ್ಟು ಹೊತ್ತು ನಿಂತಿತು, ಬನಶಂಕರಿ ಜಾತ್ರೆಗೆ ಎಷ್ಟು ಬಿಟ್ಟಿದ್ದಾರೆ, ಡ್ರೈವರ್ ಯಾವ ಊರಿನವ. ನಾವು ಒಡೆದ ಕಲ್ಲಿನ ರಸ್ತೆಯ ಮೇಲೆ ಆ ಕೆಂಪು ಬಸ್ಸು ಮೊದಲ ಸಲ ಬಂದಾಗ ಕಾಯಿ ಒಡೆದರು. ಹಲಗಿ ಬಾರಿಸಿದವನು ನಮ್ಮಪ್ಪ.

ಆ ವಾರವೇ ಅಪ್ಪ ನನ್ನನ್ನು ಇಳಕಲ್ಲಿಗೆ ಕರೆದೊಯ್ದ. ಟಿಕೀಟು ತಗೊಂಡು ಬಾಗಿಲ ಹತ್ತಿರ ನೆಲಕ್ಕೆ ಕೂತ. ಸೀಟು ಖಾಲಿ ಇದ್ದವು. ಕಂಡಕ್ಟರು ಹೊರಗಿನವನು.

‘ಏ ಯಜಮಾನ, ಮ್ಯಾಲ ಕುಂದರು. ರೊಕ್ಕ ಕೊಟ್ಟೀದಿ ಇಲ್ಲೋ?’

ಅಪ್ಪ ಎದ್ದು ಇಬ್ಬರು ಕೂರುವ ಸೀಟಿನ ತುದಿಗೆ ಕೂತ. ಕಿಟಕಿಯ ಕಡೆ ಕೂತಿದ್ದ ನಮ್ಮೂರ ಹಿರಿಯರು ಏನೂ ಮಾತಾಡದೆ ಎದ್ದು ನಿಂತರು. ಅವರು ನಿಂತದ್ದನ್ನು ನೋಡಿ ಅಪ್ಪನೂ ಎದ್ದ. ಇಬ್ಬರೂ ಒಂದೇ ಸರಳು ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ, ಇಳಕಲ್ಲಿನ ತನಕ ನಿಂತೇ ಹೋದರು. ಸೀಟು ಖಾಲಿಯೇ ಇತ್ತು. ನಾನು ನೆಲದ ಮೇಲೆ ಕೂತು ಆ ಖಾಲಿ ಸೀಟು ನೋಡುತ್ತಿದ್ದೆ. ನನಗೆ ಜಾತಿ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಇಂದಿಗೂ ನೆನಪಾಗುವುದು ಆ ಸೀಟು.

ಈಗ ಹಾಗಿಲ್ಲ ಎನ್ನುತ್ತಾರೆ. ಹೌದು, ಹಾಗಿಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾಯಿತು. ‘ಹೆಣಮಕ್ಕಳ ತುಂಬ್ಯಾರ, ನಮಗ ನಿಂದ್ರಾಕ ಜಾಗಿಲ್ಲ’ ಎಂಬುದು ಕಟ್ಟಿಯ ಹೊಸ ಗೊಣಗು. ಎಪ್ಪತ್ತು ದಾಟಿದ ನನ್ನಕ್ಕ ಆ ವರ್ಷ ಆಧಾರ ಕಾರ್ಡು ಹಿಡಿದು ಬಾದಾಮಿಗೆ ಹೋಗಿ ಬಂದಳು. ಜೊತೆಗೆ ನಾನೂ ಹೋಗಿದ್ದೆ. ಹುಟ್ಟಿದ ಜಿಲ್ಲೆಯ ಗುಹೆಗಳನ್ನು ಅವಳು ನೋಡಿದ್ದು ಅದೇ ಮೊದಲು. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ, ರಾಜನ ಹೆಸರಿದೆ ಎಂದು ಮಾಸ್ತರಿಕೆ ತೋರಿಸಿದೆ. ಅಕ್ಕ ಮೇಲೆ ಕೆಳಗೆ ನೋಡಿ, ‘ಇಷ್ಟು ದೊಡ್ಡ ಗುಡ್ಡ ಕಡದಾರಲ್ಲೋ ತಮ್ಮಾ, ಕಲ್ಲಪುಡಿ ಹೊತ್ತು ಹಾಕಿದವರು ಯಾರು?’ ಅಂದಳು. 1972ರಲ್ಲಿ ಬುಟ್ಟಿ ಹೊತ್ತ ತಲೆ ಅದು, ಬೇರೆ ಏನು ಕೇಳೀತು? ನನ್ನಲ್ಲಿ ಉತ್ತರ ಇರಲಿಲ್ಲ.

ನಾಲ್ಕನೆಯದು ಆಟ. ಗೆಳೆಯರೇ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಕಡೆ ಆಟ ಎಂದರೆ ಕುಸ್ತಿ ಮತ್ತು ಹುತುತು. ಕುಸ್ತಿಯ ಕಣಕ್ಕೆ ನಾವು ಹಲಗಿ ಬಾರಿಸುವವರು, ಕಣದೊಳಕ್ಕೆ ಇಳಿಯುವವರಲ್ಲ. ಮೈಗೆ ಮೈ ತಾಗುವ ಆಟ ಅದು. ನಮ್ಮ ಹಲಗಿಯ ಪೆಟ್ಟಿಗೆ ಪೈಲವಾನನ ರಕ್ತ ಬಿಸಿಯಾಗಬಹುದು, ನಮ್ಮ ಕೈ ಅವನ ಮೈಗೆ ತಾಗಬಾರದು. ಹುತುತು ಹಾಗಲ್ಲ, ಹುಡುಗರ ಆಟ. ಮುಂದೆ ಶಾಲೆಯಲ್ಲಿ ಅದಕ್ಕೆ ಕಬಡ್ಡಿ ಎಂದರು. ನಾವು ಕೇರಿಯ ಹುಡುಗರು ಹಳ್ಳದ ಉಸುಕಿನಲ್ಲಿ ಬೆಳದಿಂಗಳ ರಾತ್ರಿ ಆಡುತ್ತಿದ್ದೆವು. ದಮ್ಮು ಕಟ್ಟುವುದರಲ್ಲಿ ನಾನು ಗಟ್ಟಿ.

ಆರನೆಯ ಇಯತ್ತೆಯಲ್ಲಿದ್ದಾಗ ಹೊರಗಿನ ಊರಿನಿಂದ ಬಂದ ಒಬ್ಬ ಮಾಸ್ತರರು ಆಟದ ತಾಸು ಶುರುಮಾಡಿದರು. ಗೆರೆ ಕೊರೆದು ಏಳೇಳು ಮಂದಿ ಹಂಚಿದರು. ನನ್ನನ್ನೂ ಸೇರಿಸಿದರು. ನಾನು ದಮ್ಮು ಕಟ್ಟಿ ‘ಹುತುತುತು’ ಎನ್ನುತ್ತ ಆ ಕಡೆ ಹೋದೆ. ಏಳೂ ಹುಡುಗರು ಹಿಂದಿನ ಗೆರೆಯ ತನಕ ಸರಿದು ನಿಂತರು. ನಾನು ಮುಂದೆ ಹೋದೆ. ಇಬ್ಬರು ಗೆರೆ ದಾಟಿ ಹೊರಗೆ ಓಡಿದರು. ಒಬ್ಬನನ್ನು ಮುಟ್ಟಿದೆ, ಇನ್ನೊಬ್ಬನನ್ನು ಮುಟ್ಟಿದೆ. ಯಾರೂ ಕೈ ಚಾಚಲಿಲ್ಲ, ಕಾಲು ಹಿಡಿಯಲಿಲ್ಲ. ಒಂದೇ ದಮ್ಮಿಗೆ ಪೂರಾ ಆಟ ಮುಗಿಸಿ ಬಂದೆ. ಮಾಸ್ತರರು ಚಪ್ಪಾಳೆ ಹೊಡೆದರು.

ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಊರಲ್ಲೇ ನನ್ನಂಥ ಆಟಗಾರನಿಲ್ಲ ಅಂದುಕೊಂಡೆ. ರಾತ್ರಿ ರೊಟ್ಟಿ ತಿನ್ನುವಾಗ ಅವ್ವನ ಮುಂದೆ ಹೇಳಿದೆ. ಅವ್ವ ಕೈ ನಿಲ್ಲಿಸಿ ಕೇಳಿದಳು.

‘ಯಾರೂ ಹಿಡೀಲಿಲ್ಲೇನು?’

‘ಇಲ್ಲವಾ. ನನ್ನ ಕಂಡ್ರ ಓಡತಾರ.’

‘ನಿನ್ನ ಶಕ್ತಿಗೆ ಹೆದರಿ ಓಡಿಲ್ಲೋ ನನ ಮಗನ. ನಿನ್ನ ಮೈಗೆ ಹೆದರಿ ಓಡ್ಯಾರ.’

ಮರುದಿನ ನೋಡಿದೆ. ನಾನು ಮುಟ್ಟಿದ ಹುಡುಗರು ಆಟ ಮುಗಿದ ಮೇಲೆ ಮನೆಗೆ ಹೋಗುತ್ತಿರಲಿಲ್ಲ, ಹಳ್ಳಕ್ಕೆ ಹೋಗಿ ಮುಳುಗೆದ್ದು ಹೋಗುತ್ತಿದ್ದರು. ಒಬ್ಬನಿಗೆ ಅವನ ಅಜ್ಜಿ ಬರಲಿನಿಂದ ಬಡಿದಿದ್ದಳು. ಆ ಕಡೆಯ ಹುಡುಗ ನಮ್ಮ ಕಡೆ ಬಂದಾಗ ನಾನು ಹಿಡಿಯಲು ಹೋದರೆ, ‘ಮುಟ್ಟಬ್ಯಾಡಲೇ, ನಾ ಔಟ್ ಅಂತ ತಗೋ’ ಎಂದು ತಾನೇ ಹೊರಗೆ ನಡೆಯುತ್ತಿದ್ದ. ಹುತುತು ಆಟದಲ್ಲಿ ಮುಟ್ಟಿಸಿಕೊಂಡವನಿಗೆ ‘ಸತ್ತ’ ಎನ್ನುತ್ತಾರೆ. ಆಮೇಲೆ ಅವನಿಗೆ ಜೀವ ಬರುತ್ತದೆ. ನಾನು ಮುಟ್ಟಿದವರು ನಿಜಕ್ಕೂ ಸತ್ತವರ ಹಾಗೆ ಮುಖ ಮಾಡುತ್ತಿದ್ದರು. ಅಂದಿನಿಂದ ನನಗೆ ಗೆಲ್ಲುವುದೆಂದರೆ ನಾಚಿಕೆ ಬರತೊಡಗಿತು. ಬೇಕೆಂದೇ ನಿಧಾನ ಹೋದೆ, ನಡುವೆ ನಿಂತೆ, ಕಾಲು ಚಾಚಿ ಕೊಟ್ಟೆ. ಯಾರೂ ಹಿಡಿಯಲಿಲ್ಲ.

ಏಳನೆಯ ಇಯತ್ತೆಯಲ್ಲಿ, 1974ರಲ್ಲಿ, ಹುನಗುಂದದಲ್ಲಿ ತಾಲ್ಲೂಕು ಪಂದ್ಯ. ಮಾಸ್ತರರು ಹಟ ಹಿಡಿದು ನನ್ನನ್ನು ಕರೆದೊಯ್ದರು. ಎದುರಿನವರು ಬೇರೆ ಊರಿನವರು. ನನ್ನ ಮೈಮೇಲೆ ಇದ್ದದ್ದು ಒಂದು ಬನಿಯನ್ನು, ಒಂದು ಚಡ್ಡಿ. ಅವುಗಳಲ್ಲಿ ನನ್ನ ಜಾತಿ ಬರೆದಿರಲಿಲ್ಲ.

ಮೊದಲ ಸಲ ಗೆರೆ ದಾಟಿ ಹೋದೆ. ಮೂರು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಯಾರೋ ಹಿಂದಿನಿಂದ ಹಿಮ್ಮಡಿ ಹಿಡಿದರು. ಇನ್ನೊಬ್ಬ ನಡ ಹಿಡಿದ. ಬಿದ್ದೆ. ಮೇಲೆ ನಾಲ್ಕು ಮಂದಿ ಬಿದ್ದರು. ಮೊಣಕಾಲು ಕಿತ್ತಿತು, ಬಾಯೊಳಗೆ ಮಣ್ಣು, ದಮ್ಮು ಮುರಿಯಿತು. ನಾನು ಔಟ್. ನಮ್ಮ ಮಾಸ್ತರರು ತಲೆಗೆ ಕೈಹಚ್ಚಿದರು. ನಾನು ಆ ನಾಲ್ಕು ಮೈಗಳ ಕೆಳಗೆ ಬಿದ್ದುಕೊಂಡು ನಗುತ್ತಿದ್ದೆ. ಅವರ ಬೆವರು ನನ್ನ ಬೆನ್ನ ಮೇಲೆ ಇಳಿಯುತ್ತಿತ್ತು. ಹದಿಮೂರು ವರ್ಷಕ್ಕೆ ಕೇರಿಯ ಹೊರಗಿನ ಮನುಷ್ಯರು ನನ್ನನ್ನು ಹಿಡಿದದ್ದು ಅದೇ ಮೊದಲು. ಆ ದಿನ ನಾವು ಸೋತೆವು. ನನ್ನ ಜೀವನದಲ್ಲಿ ಅಷ್ಟು ಖುಷಿಯ ದಿನ ಮತ್ತೊಂದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕತೆ ಚಲೋ ಆಗುತ್ತದೆ. ಆದರೆ ಉಳಿದದ್ದನ್ನೂ ಹೇಳಬೇಕು.

ಆಟ ಮುಗಿದ ಮೇಲೆ ನನ್ನ ಹಿಮ್ಮಡಿ ಹಿಡಿದಿದ್ದ ಹುಡುಗ ಬಂದು ಪಕ್ಕಕ್ಕೆ ಕೂತ. ಚೀಲದಿಂದ ಶೇಂಗಾ, ಬೆಲ್ಲ ತೆಗೆದು ನನ್ನ ಅಂಗೈಗೆ ಹಾಕಿದ. ತನ್ನ ತಂಬಿಗೆಯ ನೀರು ಕುಡಿಸಿದ. ನಾನು ಬಾಯಿ ಹಚ್ಚಿ ಕುಡಿದೆ. ಆಮೇಲೆ ಕೇಳಿದ.

‘ನಿಮ್ಮ ಮನಿ ಎಲ್ಲಿ ಬರತೈತಿ? ನಿಮ್ಮಪ್ಪ ಏನ ಮಾಡತಾನ?’

‘ಅಗಸಿ ಹತ್ತರ. ಹೊಲ ಐತಿ, ಎಂಟು ಎಕರೆ’ ಅಂದೆ.

ನಮ್ಮ ಗೌಡರ ಮಗ ನನ್ನ ತಂಡದವನೇ, ಅಲ್ಲೇ ಮಗ್ಗುಲಲ್ಲಿ ನಿಂತಿದ್ದ. ನನ್ನ ಮಾತು ಕೇಳಿಸಿಕೊಂಡ. ನಾನು ಅವನ ಮುಖ ನೋಡಿದೆ. ಒಂದು ಮಾತು ಸಾಕಿತ್ತು ಅವನಿಗೆ. ಅವನು ಹೇಳಲಿಲ್ಲ. ಆ ಕಡೆ ತಿರುಗಿ ನಿಂತ.

ಆ ಎಂಟು ಎಕರೆ ನನ್ನ ಎದೆಯ ಮೇಲೆ ಐವತ್ತು ವರ್ಷ ಕೂತಿತ್ತು. ಒಡ್ಡು ಹಾಕಿದ ಅಪ್ಪನನ್ನು, ಹಲಗಿ ಬಾರಿಸಿದ ಅಪ್ಪನನ್ನು ಒಂದು ಹಿಡಿ ಶೇಂಗಾಕ್ಕೆ ಮುಚ್ಚಿಟ್ಟೆ. ಆ ಹುಡುಗ ನನ್ನನ್ನು ಹಿಡಿದದ್ದು ನನ್ನನ್ನೋ, ಆ ಎಂಟು ಎಕರೆಯವನನ್ನೋ ಎಂದು ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ಮುಂದೆ ಬಾಬಾಸಾಹೇಬರನ್ನು ಓದಿದೆ, ಮೆರವಣಿಗೆಗಳಲ್ಲಿ ಘೋಷಣೆ ಕೂಗಿದೆ, ವೇದಿಕೆಯ ಮೇಲೆ ನಿಂತು ನನ್ನ ಜಾತಿ ಹೇಳಿಕೊಂಡೆ. ಆದರೆ ಆ ಹುಡುಗನಿಗೆ ಹೇಳಲಾಗಲಿಲ್ಲ.

ನಮ್ಮ ಧಾರವಾಡದಲ್ಲಿ 1876ರಲ್ಲಿ ಒಬ್ಬ ಚಮ್ಮಾರರ ಹುಡುಗ ಹುಟ್ಟಿದ. ಹೆಸರು ಪಾಲವಣಕರ ಬಾಳೂ. ಪುಣೆಯಲ್ಲಿ ಇಂಗ್ಲಿಷರ ಕ್ರಿಕೆಟ್ ಮೈದಾನದ ಚಾಕರಿ ಮಾಡುತ್ತ ಚೆಂಡು ಎಸೆಯುವುದನ್ನು ಕಲಿತ. ಬ್ರಾಹ್ಮಣರ ತಂಡಕ್ಕೆ ಗೆಲ್ಲಲು ಅವನ ಕೈ ಬೇಕಾಯಿತು. ಆದರೆ ಚಹಾದ ಹೊತ್ತಿಗೆ ಅವನಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಅವನು ಮುಟ್ಟಿದ ಚೆಂಡು ಮುಟ್ಟಬಹುದು, ಕಪ್ಪು ಮುಟ್ಟಬಾರದು. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ. ಇದನ್ನು ಓದಿದಾಗ ನನಗೆ ಅನ್ನಿಸಿದ್ದು, ಕ್ರಿಕೆಟ್ಟಿನಲ್ಲಿ ನಡುವೆ ಒಂದು ಚೆಂಡಾದರೂ ಇದೆ. ಹುತುತುವಿನಲ್ಲಿ ನಡುವೆ ಏನೂ ಇಲ್ಲ, ಮೈಯೊಂದೇ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಐರ್ಲೆಂಡಿನಲ್ಲಿ ನರ್ಸು. ನಮ್ಮ ಕೇರಿಯವಳೇ. ಫೋನಿನಲ್ಲಿ ಹೇಳುತ್ತಿದ್ದಳು: ‘ಸರ, ಇಲ್ಲೂ ನಮ್ಮೂರ ಕಟ್ಟಿ ಇದ್ದಂಗ ಐತ್ರಿ. ಮಳಿ ಬಂತು, ಬಸ್ಸು ಬರಲಿಲ್ಲ, ಸರಕಾರ ಹಿಂಗ ಮಾಡ್ತು, ಮತ್ತ ಗೇಲಿಕ್ ಫುಟ್ಬಾಲು. ಇಷ್ಟ ಮಾತು.’ ಆ ಆಟದ ಬಗ್ಗೆ ಓದಿದೆ. ಕೈಯಿಂದಲೂ ಕಾಲಿನಿಂದಲೂ ಆಡುವ ಆಟ. ಇಂಗ್ಲಿಷರ ಆಳ್ವಿಕೆಯಲ್ಲಿ, 1884ರಲ್ಲಿ, ನಮ್ಮ ಆಟ ನಮಗಿರಲಿ ಎಂದು ಸಂಘ ಕಟ್ಟಿದರು. ಊರೂರಿಗೆ ತಂಡ. ಆಡುವವರಿಗೆ ಸಂಬಳವಿಲ್ಲ. 1920ರ ನವೆಂಬರ್ 21ರಂದು ಡಬ್ಲಿನ್ನಿನ ಮೈದಾ‌ನದೊಳಗೆ ಬ್ರಿಟಿಷ್ ಪಡೆ ನುಗ್ಗಿ ಗುಂಡು ಹಾರಿಸಿ 14 ಮಂದಿಯನ್ನು ಕೊಂದಿತು; ಅವರಲ್ಲಿ ಒಬ್ಬ ಆಟಗಾರ. ಇಂಗ್ಲಿಷರ ಆಟ ಆಡಿದವರಿಗೆ ಸಂಘದಲ್ಲಿ ಜಾಗವಿಲ್ಲ ಎಂಬ ನಿಯಮ 1971ರ ತನಕ ಇತ್ತು. ಓದಿ ರೋಮ ನಿಂತವು.

ಅವಳೇ ಇನ್ನೊಂದು ದಿನ ಹೇಳಿದಳು: ‘ಸರ, ಇಲ್ಲೂ ಒಂದು ಕೇರಿ ಐತ್ರಿ.’ ಟ್ರಾವೆಲರ್ ಎಂಬ ಅಲೆಮಾರಿ ಜನ. ಐರ್ಲೆಂಡಿನವರೇ, ಬಿಳಿಯರೇ, ಅದೇ ಚರ್ಚು. ಆದರೂ ಪಬ್ಬಿನ ಬಾಗಿಲಲ್ಲಿ ಅವರನ್ನು ತಡೆಯುವುದು ನಡೆದುಬಂದಿದೆ. 2000ದಲ್ಲಿ ಅದರ ವಿರುದ್ಧ ಕಾನೂನು ಬಂತು. 2017ರಲ್ಲಿ ಸರಕಾರ ಅವರನ್ನು ಪ್ರತ್ಯೇಕ ಜನಾಂಗವೆಂದು ಒಪ್ಪಿಕೊಂಡಿತು. ಪರದೇಶದವರ ತುಳಿತದ ವಿರುದ್ಧ ಎದ್ದ ಜನರೂ ತಮ್ಮ ಕಟ್ಟಿಯ ಮೇಲೆ ಯಾರು ಕೂರಬೇಕು ಎಂಬ ಪ್ರಶ್ನೆಯನ್ನು ಬೇರೆಯಾಗಿಯೇ ಬಿಡಿಸಬೇಕಾಗುತ್ತದೆ. ಅದು ತಾನಾಗಿ ಬಿಡುವುದಿಲ್ಲ. ನಮಗೆ ಸಂವಿಧಾನದ 17ನೆಯ ವಿಧಿ ಇದೆ, 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ ಎಂದು ಹೆಸರು ಹಿಡಿದೇ ಬರೆದಿದೆ. ಹುತುತು ಅಂಗಳ ಎಂದು ಬರೆದಿಲ್ಲ. ಬರೆದಿದ್ದರೂ ಹಿಡಿಯಬೇಕಾದದ್ದು ಕೈ.

ಈಗ ಮೊನ್ನೆಯ ಮಾತು.

ಕಟ್ಟಿಯ ಎದುರಿನ ಚಾದಂಗಡಿಯಲ್ಲಿ ಈಗ ಎಲ್ಲರಿಗೂ ಕಾಗದದ ಕಪ್ಪು. ಹಿಂದೆ ನಮ್ಮ ಗ್ಲಾಸು ಮಾಡಿನ ಸಂದಿಯಲ್ಲಿ ಇರುತ್ತಿತ್ತು. ನಾವೇ ತೆಗೆದು, ನಾವೇ ತೊಳೆದು ಇಡಬೇಕಿತ್ತು. ಈಗ ಗೌಡ ಕುಡಿದದ್ದೂ ತಿಪ್ಪೆಗೆ, ನಾನು ಕುಡಿದದ್ದೂ ತಿಪ್ಪೆಗೆ. ಸಮಾನತೆ ಬಂತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತೊಳೆಯುವ ಕಪ್ಪಿನ ಪ್ರಶ್ನೆಗೆ ಉತ್ತರ ಕೊಡುವ ಬದಲು ಕಪ್ಪನ್ನೇ ಬಿಸಾಕಿದರು.

ಅಂದು ಸಂಜೆ ಹುಡುಗರು ಮೊಬೈಲಿನಲ್ಲಿ ಕಬಡ್ಡಿ ನೋಡುತ್ತಿದ್ದರು. 1990ರಲ್ಲಿ ಏಷ್ಯನ್ ಕ್ರೀಡೆಗೆ ಸೇರಿದ ಆಟ, 2014ರಿಂದ ಲೀಗು, ಲಕ್ಷಗಟ್ಟಲೆ ಬೆಲೆಯ ಆಟಗಾರರು, ಮಣ್ಣಿಲ್ಲ, ಮ್ಯಾಟು. ಗೌಡರ ಮಗ, ಈಗ ಅವರೇ ಗೌಡರು, ಮಂಡಿ ನೋವಿನವರು, ನನ್ನ ಪಕ್ಕ ಕೂತು ನೋಡುತ್ತಿದ್ದರು. ಅವರು ನನಗೆ ‘ನೀ’ ಅನ್ನುವುದು, ನಾನು ಅವರಿಗೆ ‘ನೀವು’ ಅನ್ನುವುದು ರೂಢಿ. ಹುಡುಗರ ಕಡೆ ತಿರುಗಿ ಅಂದರು:

‘ಏ, ನಮ್ಮ ಮಾಸ್ತರ ಏನ ಕಡಿಮಿ ಆಡತಿದ್ದನೇನು? ಒಮ್ಮೆ ನುಗ್ಗಿದನಂದ್ರ ಇಡೀ ಶಾಲ್ಯಾಗ ಒಬ್ಬನೂ ಅವನ್ನ ಹಿಡೀಲಿಲ್ಲ.’

ಹುಡುಗರು ನನ್ನ ಕಡೆ ನೋಡಿದರು. ಅವರಲ್ಲಿ ಕೇರಿಯವರೂ ಇದ್ದರು, ಊರವರೂ ಇದ್ದರು. ನನ್ನ ಬಾಯಿಂದ ಬಂತು:

‘ಹಿಡೀಲಿಲ್ಲೋ, ಮುಟ್ಟಲಿಲ್ಲೋ? ನೀ ಹೇಳು.’

ಅರವತ್ತು ದಾಟಿದ ಮೇಲೆ ಮೊದಲ ಸಲ ಅವನಿಗೆ ‘ನೀ’ ಅಂದೆ. ಕಟ್ಟಿ ಸುಮ್ಮನಾಯಿತು. ಮೊಬೈಲಿನಲ್ಲಿ ಮಾತ್ರ ಮಂದಿ ಕೂಗುತ್ತಿದ್ದರು. ಅವನು ಬಹಳ ಹೊತ್ತು ಕಪ್ಪಿನ ಅಂಚು ಚಿವುಟುತ್ತ ಕೂತ. ಆಮೇಲೆ ಮೆಲ್ಲಗೆ ಅಂದ:

‘ಹುನಗುಂದದಾಗ ನಾ ಹೇಳಲಿಲ್ಲಲ್ಲಾ.’

ಅವನಿಗೂ ನೆನಪಿತ್ತು. ಐವತ್ತು ವರ್ಷ ಅವನೂ ಆ ಎಂಟು ಎಕರೆಯನ್ನು ಹೊತ್ತಿದ್ದ. ನನ್ನ ಗಂಟಲು ಕಟ್ಟಿತು. ಆದರೂ ಅಂದೆ:

‘ಹೌದು. ನೀ ಹೇಳಲಿಲ್ಲ. ಆದ್ರ ಊರಿಗೆ ಬಂದ ಮ್ಯಾಲೂ ನೀ ನನ್ನ ಹಿಡೀಲಿಲ್ಲ.’

ಅವನು ಬಡಗಣ ದಿಕ್ಕಿಗೆ ನೋಡಿ, ‘ಮೋಡ ಆಗೇತಿ. ಉತ್ತರಿ ಹೊಯ್ಯೂಹಂಗ ಐತಿ ಈ ಸಲ’ ಅಂದ. ಮಳೆಯ ಮಾತು ಯಾತಕ್ಕೆ ಇರುತ್ತದೆ ಎಂದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಯಾರೂ ಉತ್ತರ ಕೊಡಲಿಲ್ಲ. ನಾನು ಎದ್ದೂ ಹೋಗಲಿಲ್ಲ. ಕತ್ತಲಾಗುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು. ಇಬ್ಬರಲ್ಲಿ ಒಬ್ಬರೂ ಎದ್ದು ನಿಲ್ಲಲಿಲ್ಲ, ಅಷ್ಟೇ ಈ ಐವತ್ತು ವರ್ಷದಲ್ಲಿ ಆದ ಬದಲಾವಣೆ. ಅದನ್ನು ಸಣ್ಣದು ಎನ್ನಲಾರೆ, ಸಾಕು ಎಂದೂ ಎನ್ನಲಾರೆ.

ಮಾಸ್ತರಿಕೆ ಮಾಡುತ್ತಿರುವ ಗೆಳೆಯರೇ, ನಿಮಗೆ ಒಂದೇ ಮಾತು. ನಿಮ್ಮ ಶಾಲೆಯ ಅಂಗಳದಲ್ಲಿ ಮಕ್ಕಳು ಆಡುವಾಗ ಗೆದ್ದವನನ್ನು ನೋಡಿ ಚಪ್ಪಾಳೆ ಹೊಡೆಯುವ ಮೊದಲು ಸ್ವಲ್ಪ ನಿಂತು ನೋಡಿರಿ. ಯಾವ ಹುಡುಗನ ಕಡೆ ಯಾರೂ ಕೈ ಚಾಚುತ್ತಿಲ್ಲ, ಯಾವ ಹುಡುಗಿಯ ಕೈ ಹಿಡಿಯಬೇಕಾದಾಗ ಸಾಲು ತುಂಡಾಗುತ್ತದೆ, ನೋಡಿರಿ. ಅಲ್ಲಿ ಆಟ ನಿಲ್ಲಿಸಿರಿ. ಮೂವತ್ತು ವರ್ಷ ನಾನು ಅಷ್ಟನ್ನೇ ಮಾಡಿದೆ. ಕೆಲವು ಊರಲ್ಲಿ ತಾಯಿತಂದೆಗಳು ಜಗಳಕ್ಕೆ ಬಂದರು, ಎರಡು ಸಲ ವರ್ಗವಾಯಿತು. ಆದರೂ ಪ್ರತಿ ಶಾಲೆಯಲ್ಲಿ ಮೊದಲ ದಿನ ಗೆರೆ ಕೊರೆದು ನಾನೇ ದಮ್ಮು ಕಟ್ಟಿ ಮಕ್ಕಳ ಕಡೆ ಹೋಗುತ್ತಿದ್ದೆ, ನನ್ನ ಜಾತಿಯನ್ನು ಬಾಯಿಬಿಟ್ಟು ಹೇಳಿ ಆದ ಮೇಲೆ.

‘ಹಿಡೀರಲೇ’ ಅನ್ನುತ್ತಿದ್ದೆ. ಮೊದಲು ಹಿಂದೆ ಸರಿಯುತ್ತಿದ್ದರು. ಆಮೇಲೆ ಯಾವುದೋ ಒಂದು ಸಣ್ಣ ಕೈ ಬಂದು ನನ್ನ ಕಾಲು ಹಿಡಿಯುತ್ತಿತ್ತು.